ನೂರಕ್ಕೆ ಎಷ್ಟು

ನೂರು ಮಕ್ಕಳಲ್ಲಿ ಇವಳು ಎಷ್ಟನೆಯವಳು,
ಕೇಳುತ್ತದೆ ಪರದೆ. ಕೆಳಗೆ ಖಾಲಿ ಚೌಕಗಳು:
ಮೊದಲ ಎರಡರೊಳಗೆ, ಐದರೊಳಗೆ, ಹತ್ತರೊಳಗೆ,
ಕಾಲುಭಾಗದೊಳಗೆ,
ಹೇಳಲಾರೆ.

ಹೇಳಲಾರೆಯ ಮೇಲೆ ಬೆರಳು ಒಂದು ಗಳಿಗೆ ನಿಂತಿತು.
ಹನ್ನೊಂದು ವರ್ಷ ದಾವಣಗೆರೆಯಲ್ಲಿ ಫಿಸಿಕ್ಸ್ ಹೇಳಿದ್ದೇನೆ,
ಪ್ರತಿ ವರ್ಷವೂ ಹೊಸದಾಗಿ ಅತಿಥಿ.
ಅತಿಥಿಯನ್ನು ಉಂಡ ಮೇಲೆ ಕಳಿಸುವುದು ಲೋಕರೂಢಿ;
ನಮ್ಮನ್ನು ಮೊದಲು ಕಳಿಸುತ್ತಾರೆ, ಸಂಬಳ ಆಮೇಲೆ.

ನಗೀನಾ ಕೂರುತ್ತಿದ್ದದ್ದು ಕೊನೇ ಬೆಂಚು,
ಬಾಗಿಲು ಹತ್ತಿರ ಎಂಬ ಒಂದೇ ಕಾರಣಕ್ಕೆ.
ಹನ್ನೆರಡೂವರೆಗೆ ಮಂಡಕ್ಕಿ ಭಟ್ಟಿಗೆ ಓಡಬೇಕು.
ಅಪ್ಪ ದಾದಾಪೀರ್ ಉಸುಕು ಕಾಯಿಸಿ ಕಾಯುತ್ತಿರುತ್ತಾರೆ,
ಜರಡಿ ಹಿಡಿಯುವವಳು ಇವಳು.
ನೋಟ್‌ಬುಕ್ಕಿನ ಅಂಚು ಹೊಗೆಗೆ ಕಂದಿ
ಹಾಳೆಗಳ ನಡುವೆ ಭತ್ತದ ಹೊಟ್ಟು.

ಒಂದು ದಿನ ಉಷ್ಣದ ಪಾಠ. ಹಲಗೆಗೆ ಮುಖ ಮಾಡಿ
ಗುಪ್ತೋಷ್ಣ ಬರೆಯುತ್ತಿದ್ದೆ. ಬಾಗಿಲ ಕಡೆಯಿಂದ ದನಿ:
"ಮೇಡಂ, ಉಪ್ಪುನೀರು ಕುಡೀದ ಅಕ್ಕಿ ಯಾಕೆ ಸರಿಯಾಗಿ ಅರಳಲ್ಲ?"
ಗೊತ್ತಿರಲಿಲ್ಲ.
ನಾಳೆ ಹೇಳ್ತೀನಿ ಅಂದೆ, ಮೇಷ್ಟ್ರುಗಳು ಅನ್ನುವ ಹಾಗೆ.

ನಾಳೆ ಅವಳೇ ಹೇಳಿದಳು.
ನೂರು ನೂರು ಕಾಳು ಎಣಿಸಿ ಸುರಿದಿದ್ದಳಂತೆ ಕಾದ ಉಸುಕಿಗೆ:
ಉಪ್ಪು ಹಚ್ಚಿದ್ದು, ಹಚ್ಚದ್ದು,
ರಾತ್ರಿಯೆಲ್ಲ ನೆನೆದದ್ದು, ಬರೀ ಬಿಸಿಲು ಕಂಡದ್ದು.
ಅರಳದೆ ಉಳಿದವನ್ನು ಒಂದೊಂದಾಗಿ ಆರಿಸಿ
ಅನ್ನದ ಅಂಟಿನಲ್ಲಿ ಹಾಳೆಗೆ ಹಚ್ಚಿ ತಂದಿದ್ದಳು.
ಏಳು. ಮೂವತ್ತೊಂದು. ಹನ್ನೆರಡು. ಅರವತ್ತನಾಲ್ಕು.
"ಅರಳಿದ್ದನ್ನ ಎಲ್ಲಾರೂ ತಿಂತಾರೆ ಮೇಡಂ,
ಇವನ್ನ ಯಾರೂ ಎಣಿಸಿಲ್ಲ."

ಸಾವಿರಾರು ಅರ್ಜಿ ಬೀಳುವ ವಿಶ್ವವಿದ್ಯಾಲಯ, ಸೀಟು ಹದಿನಾಲ್ಕು.
ನಮ್ಮಲ್ಲೇ ಯಾಕೆ ಓದಬೇಕು, ಒಂದು ಪುಟದಲ್ಲಿ ಬರೆಯಿರಿ.
ಅವಳ ಮೊದಲ ಸಾಲು: ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ...
ಗೆರೆ ಎಳೆದು ಹೊಡೆದೆ. ಭಟ್ಟಿಯ ವಿಷಯ ಬರಿ ಅಂದೆ.
"ಬಡತನ ಬರೀಬೇಕಾ?"
ಬೇಡ, ಉಸುಕು ಬರಿ.

ನನ್ನ ಪತ್ರ ಮೂರು ರಾತ್ರಿ ತೆಗೆದುಕೊಂಡಿತು.
ಒತ್ತಿದರೆ ಕೆಂಪಕ್ಷರ: ಸಂಸ್ಥೆಯ ಇಮೇಲ್ ಕಡ್ಡಾಯ.
ಅತಿಥಿಗೆಲ್ಲಿಯ ವಿಳಾಸ?

ವಿಭಾಗದ ಮುಖ್ಯಸ್ಥರು ಪಾಲಾಕ್ಷಪ್ಪನವರು.
"ಯಾರಮ್ಮ ಈ ಹುಡುಗಿ?" ಅಂದರು.
ಕನ್ನಡಕ ಹುಡುಕಿ, ಪತ್ರ ಗಟ್ಟಿಯಾಗಿ ಓದಿ,
ಅರವತ್ತನಾಲ್ಕರ ಹತ್ತಿರ ತಡೆದು,
"ನಾನು ಇಷ್ಟು ಚೆನ್ನಾಗಿ ಬರೀತೀನೇನಮ್ಮ?" ಅಂತ ನಕ್ಕರು.
ಒಳ್ಳೆಯವರು. ಪಾಸ್‌ವರ್ಡ್ ನನಗೇ ಹೇಳಿಬಿಟ್ಟರು, ಮಗಳ ಹೆಸರು.
ನಾನು ಎಂದು ಬರೆದ ಕಡೆಯೆಲ್ಲ ಈಗ ಅವರು.
ಒಂದು ಕಾಲಕ್ಕೆ ಇದೇ ಕೋಣೆಯ ಬೀರುವಿನಲ್ಲಿ
ನನಗಾಗಿ ಬರೆದ ಒಂದು ಪತ್ರ ಉಳಿದುಹೋಗಿತ್ತು,
ಕವರಿಗೆ ಅಂಟು ಹಚ್ಚಿ, ಅಂಚೆಗೆ ಹಾಕದೆ.
ಬೀರು ಬದಲಾಗಿದೆ. ಹೇಳಲಿಲ್ಲ.

"ನೂರಕ್ಕೆ ಎಷ್ಟು ಹಾಕ್ಲಿ?" ಕೇಳಿದರು, ಬೆರಳು ಎತ್ತಿ ಹಿಡಿದು.
ಎದುರು ಬೆಂಚುಗಳನ್ನು ನೆನೆದೆ, ಹನ್ನೊಂದು ವರ್ಷದವು.
ಮದುವೆಯಾಗಿ ಹರಪನಹಳ್ಳಿಗೆ ಹೋದ ಸವಿತೃ,
ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುವ ಬಸಣ್ಣಿ,
ಲ್ಯಾಬಿನಲ್ಲಿ ಲೋಲಕವನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ ಆ ಹುಡುಗ,
ಹೆಸರು ನಾಲಿಗೆಯ ಮೇಲೇ ಇದೆ.
ಇವರನ್ನು ಯಾವ ಹಾಳೆಗೆ ಹಚ್ಚಲಿ?
ಮೊದಲ ಎರಡರೊಳಗೆ, ಅಂದೆ.
ಒತ್ತಿದರು.

ಪಟ್ಟಿ ಇನ್ನೂ ಬಂದಿಲ್ಲ.
ನಿನ್ನೆ ರಾತ್ರಿ ನಗೀನಾಳ ಫೋನು. ಎದೆ ಧಸಕ್ಕೆಂದಿತು.
ಅದಕ್ಕಲ್ಲವಂತೆ.
"ಮೋಡ ಆಗಿತ್ತಲ್ಲ ಮೇಡಂ, ಉಪ್ಪು ಹಚ್ಚಿದ್ದೇ ಹಾಕಿದೆ,
ಏಳು ಇದ್ದದ್ದು ಹತ್ತೊಂಬತ್ತಾಗೈತೆ. ಯಾಕಿರಬಹುದು?"
ಹಿಂದೆ ಉಸುಕಿನ ಸರಸರ, ಯಾರೋ ಕೆಮ್ಮಿದ್ದು.

ನಾಳೆ ಹೇಳ್ತೀನಿ, ಅಂದೆ.
ನಕ್ಕಳು.